ಬಾಯಿ ಮಾತು, ಸಹಿ, ಮಧ್ಯೆ ಒಬ್ಬ ಹುಡುಗ

(1/3)

ಫೋಟೊದಲ್ಲಿರೋ ಹುಡುಗನಿಗೆ ಹದಿನೆಂಟು ತುಂಬಿ ಏಳೇ ದಿನ. ಕೈಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೆರ್ಸಿ, ನಂಬರ್ 21. ದಿನಾಂಕ 29 ಏಪ್ರಿಲ್ 2005, ಊರು ನಾರ್ವೆಯ ಓಸ್ಲೋ. ಆ ಜೆರ್ಸಿ ಹಾಕ್ಕೊಂಡು ಅವನು ಒಂದೇ ಒಂದು ಮ್ಯಾಚ್ ಕೂಡ ಆಡಲಿಲ್ಲ. ಆದ್ರೂ ಅವನಿಂದ ಯುನೈಟೆಡ್‌ಗೆ 1.2 ಕೋಟಿ ಪೌಂಡ್ ಬಂತು. ಹೇಗೆ ಗೊತ್ತಾ?

ಹುಡುಗನ ಹೆಸರು ಜಾನ್ ಒಬಿ ಮಿಕೆಲ್, ನೈಜೀರಿಯಾದವನು. ನಿಜ ಹೇಳ್ಬೇಕಂದ್ರೆ ಅವನು 'ಮೈಕಲ್'. 2003ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ನಡೆದ ಹದಿನೇಳರೊಳಗಿನವರ ವಿಶ್ವ ಟೂರ್ನಿಗೆ ಅವನ ದೇಶದ ಫುಟ್ಬಾಲ್ ಸಂಸ್ಥೆ ಹೆಸರು ಕಳಿಸುವಾಗ ತಪ್ಪಾಗಿ 'ಮಿಕೆಲ್' ಅಂತ ಬರೀತು. ಅವನೂ ಅದನ್ನೇ ಉಳಿಸ್ಕೊಂಡ. ಕಾಗದದ ಮೇಲೆ ಒಂದು ಸಲ ಬಂದ್ಬಿಟ್ರೆ ಅಳಿಸೋದು ಕಷ್ಟ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆಗ ಅವನು ಓಸ್ಲೋದ ಲಿನ್ ಕ್ಲಬ್ಬಿನ ಆಟಗಾರ. ಯುನೈಟೆಡ್ ಲಿನ್ ಜೊತೆ ಒಪ್ಪಂದ ಮಾಡ್ಕೊಂಡು, ಹುಡುಗನ ಸಹಿಯನ್ನೂ ಪಡೆದು, 2006ರ ಜನವರಿಯಲ್ಲಿ ನಮ್ಮಲ್ಲಿಗೆ ಬರ್ತಾನೆ ಅಂತ ಘೋಷಿಸಿತು.

ತಕ್ಷಣ ಚೆಲ್ಸಿಯಾ ಎದ್ದು ನಿಂತಿತು: ಅವನ ಜೊತೆ, ಅವನ ಏಜೆಂಟರ ಜೊತೆ ನಮಗೆ ಮೊದಲೇ ಒಪ್ಪಂದ ಆಗಿದೆ!

(2/3)

ನಮ್ಮ ಕಡೆ ಸೈಟ್ ವ್ಯಾಪಾರದಲ್ಲಿ ಹೀಗಾಗೋದನ್ನ ನೀವೂ ನೋಡಿರ್ತೀರಿ. ಒಬ್ಬರಿಗೆ ಮಾತು ಕೊಟ್ಟಾಗಿದೆ, ಇನ್ನೊಬ್ಬರಿಗೆ ಅಗ್ರಿಮೆಂಟ್ ಆಗಿದೆ, ಇಬ್ಬರೂ ಬೇಲಿ ಹಾಕೋಕೆ ಬಂದು ನಿಂತಿದ್ದಾರೆ. ವ್ಯತ್ಯಾಸ ಒಂದೇ: ಸೈಟಿಗೆ ಬಾಯಿಲ್ಲ, ಈ ಹುಡುಗನಿಗೆ ಇತ್ತು.

ಮಿಕೆಲ್ ಹೇಳಿದ್ದು ಇಷ್ಟು: ನನ್ನ ಏಜೆಂಟ್ ಪಕ್ಕದಲ್ಲಿ ಇರ್ಲಿಲ್ಲ, ಒತ್ತಡದಲ್ಲಿ ಸಹಿ ಹಾಕಿದೆ. ಯುನೈಟೆಡ್ ಮತ್ತು ಲಿನ್ ಇದನ್ನ ಒಪ್ಪಲಿಲ್ಲ. ಮೇ ತಿಂಗಳಲ್ಲಿ ಅವನು ಇದ್ದಕ್ಕಿದ್ದಂತೆ ಓಸ್ಲೋದಿಂದ ಕಾಣೆಯಾದ. ಆಮೇಲೆ ಗೊತ್ತಾಯ್ತು, ಏಜೆಂಟ್ ಜೊತೆ ಲಂಡನ್‌ನಲ್ಲಿದ್ದ. ಲಿನ್‌ಗೆ ವಾಪಸ್ ಬರೋ ಹೊತ್ತಿಗೆ ಸುಮಾರು ಮೂರು ತಿಂಗಳಾಗಿತ್ತು. ವಿಷಯ ಫಿಫಾ ಬಾಗಿಲಿಗೂ ಹೋಗಿತ್ತು.

ಕೊನೆಗೆ 2006ರ ಜೂನ್‌ನಲ್ಲಿ ರಾಜಿ ಆಯ್ತು. ಚೆಲ್ಸಿಯಾ ಯುನೈಟೆಡ್‌ಗೆ 1.2 ಕೋಟಿ ಪೌಂಡ್, ಲಿನ್‌ಗೆ 40 ಲಕ್ಷ ಪೌಂಡ್ ಕೊಟ್ಟಿತು. ಮೊದಲಲ್ಲಿ ಹೇಳಿದ ಲೆಕ್ಕ ಇದೇ. ಯುನೈಟೆಡ್ ಮಾರಿದ್ದು ಆಟಗಾರನನ್ನಲ್ಲ, ಅವನ ಸಹಿ ಇದ್ದ ಕಾಗದವನ್ನ.

(3/3)

ಬಿಕಾಂ ಓದೋರಿಗೆ ಇದು ಪರಿಚಿತ ಪಾಠ. ನಮ್ಮ 1872ರ ಕಾಂಟ್ರಾಕ್ಟ್ ಕಾಯ್ದೆಯಲ್ಲಿ ಸಾಮಾನ್ಯವಾಗಿ ಬಾಯಿ ಮಾತಿನ ಒಪ್ಪಂದವೂ ಒಪ್ಪಂದವೇ. ಆದ್ರೆ ಸಹಿ ಇದ್ರೂ, ಒಪ್ಪಿಗೆಯನ್ನ ಬಲವಂತದಿಂದ ಪಡೆದಿದ್ರೆ, ಬಲವಂತಕ್ಕೆ ಒಳಗಾದವನು ಅದನ್ನ ರದ್ದು ಮಾಡಿಸಬಹುದು. ಮಿಕೆಲ್ ಕೇಸಿಗೆ ನಮ್ಮ ಕಾಯ್ದೆ ಅನ್ವಯಿಸಲ್ಲ, ಆದ್ರೆ ಪ್ರಶ್ನೆ ಅದೇ.

ಫುಟ್ಬಾಲ್‌ನಲ್ಲಿ ಇನ್ನೊಂದು ತೊಡಕಿದೆ. ಫಿಫಾ ನಿಯಮದ ಪ್ರಕಾರ ಲಿಖಿತ ಕಾಂಟ್ರಾಕ್ಟ್ ಇದ್ದವನೇ ವೃತ್ತಿಪರ ಆಟಗಾರ. ಬೇರೆ ಕ್ಲಬ್ಬಿನ ಕಾಂಟ್ರಾಕ್ಟಲ್ಲಿರೋ ಆಟಗಾರನ ಜೊತೆ ಮಾತಾಡೋ ಮುಂಚೆ ಆ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಬೇಕು. ಹಾಗಾಗಿ ಕದ್ದು ಆಡಿದ ಮಾತು ಯಾವತ್ತೂ ಕಾಗದಕ್ಕೆ ಇಳಿಯಲ್ಲ. ಇಳಿದರೆ ಅದೇ ತಪ್ಪಿನ ಸಾಕ್ಷಿ! ಅದೇ 2005ರಲ್ಲಿ ಆರ್ಸೆನಲ್‌ನ ಆಶ್ಲಿ ಕೋಲ್ ಜೊತೆ ಗುಟ್ಟಾಗಿ ಮಾತಾಡಿದ್ದಕ್ಕೆ ಪ್ರೀಮಿಯರ್ ಲೀಗ್ ಚೆಲ್ಸಿಯಾಗೆ 3 ಲಕ್ಷ ಪೌಂಡ್ ದಂಡ ಹಾಕಿತ್ತು.

ಮಿಕೆಲ್ ಕಥೆ ಚೆನ್ನಾಗೇ ಮುಗೀತು ಅನ್ನಬಹುದು. 2017ರವರೆಗೆ ಚೆಲ್ಸಿಯಾದಲ್ಲಿ ಆಡಿದ, 2012ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ. ಆದ್ರೆ ನನಗೆ ಕಾಡೋದು ಬೇರೆ. ಚೆಲ್ಸಿಯಾ ಹೇಳಿದ 'ಮೊದಲ ಮಾತು' ಎಷ್ಟು ಗಟ್ಟಿ? ಓಸ್ಲೋದ ಆ ಸಹಿ ಮನಸ್ಸಿಂದ ಬಂದದ್ದಾ, ಒತ್ತಡದಿಂದಾ? ರಾಜಿಯಲ್ಲಿ ಎಲ್ಲದಕ್ಕೂ ಬೆಲೆ ಕಟ್ಟಿದ್ರು, ಈ ಎರಡು ಪ್ರಶ್ನೆಗೆ ಉತ್ತರ ಕೊಡಲಿಲ್ಲ. ದುಡ್ಡು ಮೂರು ಕ್ಲಬ್ಬುಗಳ ಜಗಳ ಮುಗಿಸಿತು, ಅಷ್ಟೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ ನಮ್ಮಲ್ಲಿ. ಟ್ರಾನ್ಸ್‌ಫರ್ ಮಾರ್ಕೆಟ್‌ನಲ್ಲಿ ಆಡಿದ ಮಾತು ಹೋಗೇ ಹೋಗುತ್ತೆ, ಬರೆದದ್ದು ಮಾತ್ರ ಉಳಿಯುತ್ತೆ, ತಪ್ಪಾಗಿ ಬರೆದ ಹೆಸರೂ ಸೇರಿ. ಮುಂದಿನ ಸಲ 'ಬಾಯಿ ಮಾತಲ್ಲಿ ಡೀಲ್ ಮುಗಿದಿದೆ' ಅಂತ ಪೋಸ್ಟ್ ನೋಡಿದಾಗ ಒಂದು ಕ್ಷಣ ಯೋಚಿಸಿ: ಆ ಮಾತು ಕೊಟ್ಟವರು ಯಾರು? ಪಕ್ಕದಲ್ಲಿ ಯಾರಿದ್ರು?

ನೀವು ಫಿಫಾ ಜಾಗದಲ್ಲಿದ್ದಿದ್ರೆ ಯಾರ ಪರ ತೀರ್ಪು ಕೊಡ್ತಿದ್ರಿ? ಕಾಮೆಂಟಲ್ಲಿ ಬರೀರಿ. ಬರೆದದ್ದೇ ಉಳಿಯೋದು ತಾನೆ!

#ಫುಟ್ಬಾಲ್_ಇತಿಹಾಸ #ಟ್ರಾನ್ಸ್‌ಫರ್_ಕಥೆಗಳು #ಕನ್ನಡ