ಕಲ್ಲಿದ್ದಲ ಗಣಿಯಲ್ಲಿ ಮುತ್ತಜ್ಜನ ಜಾಡು

ಸ್ಕಾಟ್ಲೆಂಡಿನ ಗಣಿಯಲ್ಲಿ ದುಡಿದ ಹಿರೀಕರನ್ನು ಹುಡುಕುವವರಿಗೆ 1855 ದೊಡ್ಡ ಆಸರೆ. ಆ ವರ್ಷದ ಜನವರಿ 1ರಿಂದ ಜನನ, ಮದುವೆ, ಮರಣಗಳ ನೋಂದಣಿ ಕಡ್ಡಾಯವಾಯಿತು. ಮರಣಪತ್ರದಲ್ಲಿ ಸತ್ತವನ ತಂದೆಯ ಕಸುಬು, ತಾಯಿಯ ತವರುಮನೆತನದ ಹೆಸರು ಎರಡೂ ಇರುವುದರಿಂದ ಒಂದೇ ಹಾಳೆ ಹಿಡಿದು ಹಿಂದಿನ ತಲೆಮಾರಿಗೆ ಹೋಗಬಹುದು.

ಅದಕ್ಕೂ ಮೊದಲಿನ ಬದುಕು ಚರ್ಚಿನ ದಾಖಲೆಗಳಲ್ಲಿ, ಜಮೀನ್ದಾರರ ಲೆಕ್ಕಪತ್ರಗಳಲ್ಲಿ ಚದುರಿಹೋಗಿದೆ. 1606ರ ಕಾನೂನು ಗಣಿಕಾರ್ಮಿಕರನ್ನು ಒಡೆಯನಿಗೆ ಕಟ್ಟಿಹಾಕಿತ್ತು. ಅವನ ಒಪ್ಪಿಗೆಪತ್ರವಿಲ್ಲದೆ ಬೇರೆಡೆ ಕೆಲಸ ಸಿಗುತ್ತಿರಲಿಲ್ಲ. ಪೂರ್ತಿ ಬಿಡುಗಡೆಯಾದದ್ದು 1799ರಲ್ಲಿ. ಹಾಗಾಗಿ 18ನೇ ಶತಮಾನದ ಕುಟುಂಬವೊಂದು ಅಜ್ಜನಿಂದ ಮೊಮ್ಮಗನವರೆಗೆ ಒಂದೇ ಗಣಿಯಲ್ಲಿ ಕಂಡರೆ, ಅದನ್ನು ಊರಿನ ಮೇಲಿನ ಮಮತೆ ಎಂದುಕೊಳ್ಳಬೇಕಿಲ್ಲ.

ಹುಡುಕುವವರು ಗಂಡಸರ ಹೆಸರಿಗಷ್ಟೇ ನಿಲ್ಲುವುದುಂಟು. ಆದರೆ 1842ರ ಸರ್ಕಾರಿ ವರದಿಯಲ್ಲಿ 11 ವರ್ಷದ ಜಾನೆಟ್ ಕಮಿಂಗ್ ಕೊಟ್ಟ ಹೇಳಿಕೆಯಿದೆ. ಸುಮಾರು 50 ಕೆ.ಜಿ. ಕಲ್ಲಿದ್ದಲನ್ನು ಬೆನ್ನ ಮೇಲೆ ಹೊರುವುದು ಅವಳ ಕೆಲಸ. ಅದೇ ವರ್ಷ ಬಂದ ಕಾನೂನು ಹೆಂಗಸರೂ ಹೆಣ್ಣುಮಕ್ಕಳೂ 10 ವರ್ಷದೊಳಗಿನ ಗಂಡುಹುಡುಗರೂ ನೆಲದಡಿ ದುಡಿಯುವುದನ್ನು ನಿಷೇಧಿಸಿತು.

ಅವಘಡಗಳೂ ದಾಖಲೆ ಉಳಿಸಿವೆ. 1877ರ ಅಕ್ಟೋಬರ್ 22ರಂದು ಬ್ಲಾಂಟೈರ್ ಗಣಿಯ ಸ್ಫೋಟದಲ್ಲಿ 207 ಮಂದಿ ಸತ್ತರು.

1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯನ್ನೂ ನೋಡಬೇಕು. 1851ರಿಂದ ಅದರಲ್ಲಿ ಮಕ್ಕಳು ಹುಟ್ಟಿದ ಊರುಗಳನ್ನು ಸಾಲಾಗಿ ಓದಿದರೆ, ಅಪ್ಪ ಯಾವ ಗಣಿಯಿಂದ ಯಾವ ಗಣಿಗೆ ಹೋದ ಎಂಬುದು ತಿಳಿಯುತ್ತದೆ.