ಜಾವಾದ ಕೆಂಪು ದೀಪ

ಕಮರ್ಷಿಯಲ್ ಸ್ಟ್ರೀಟ್‌ಗೆ ಬಟ್ಟೆ ತರಕ್ಕೆ ಹೋದಾಗ ಹಳೇ ಜಾವಾ ಸದ್ದು ಕೇಳಿದ್ರೆ ಈಗಲೂ ತಿರುಗಿ ನೋಡ್ತೀನಿ. ಅದು ನಮ್ಮ ಮೈಸೂರಿನ ಗಾಡಿ ಕಣ್ರೇ. ಚೆಕ್ ದೇಶದ ಮಾದರಿ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ತಯಾರಾಯ್ತು. ಆಮೇಲೆ ಯೆಜ್ಡಿ ಅಂತ ಹೆಸರಾಯ್ತು, 1978ರಲ್ಲಿ ರೋಡ್‌ಕಿಂಗ್ ಬಂತು, ಹುಡುಗರು ರೇಸಿಗೂ ಓಡಿಸಿದ್ರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು.

ನಾನು ಹೇಳಕ್ಕೆ ಹೊರಟಿದ್ದು ಅದರ ಕೆಂಪು ದೀಪದ ವಿಷಯ. ಕೀ ಹಾಕಿದ್ರೆ ಹತ್ಕೋಬೇಕು, ಇಂಜಿನ್ ಜೋರಾದ್ಮೇಲೆ ಆರ್ಬೇಕು. ಆರಲಿಲ್ಲ ಅಂದ್ರೆ ಡೈನಮೊ ಬ್ಯಾಟರಿಗೆ ಕರೆಂಟ್ ಕೊಡ್ತಿಲ್ಲ ಅಂತ. ಬರೀ 6 ವೋಲ್ಟಿನ ಸಂಸಾರ. ಪ್ಲಗ್ಗಿನ ಕಿಡಿಗೂ ಅದೇ ಬ್ಯಾಟರಿ, ಹೆಡ್‌ಲೈಟಿಗೂ ಅದೇ. ಟ್ರಾಫಿಕ್ಕಲ್ಲಿ ನಿಧಾನಕ್ಕೆ ಹೋದ್ರೆ ಡೈನಮೊ ದುಡಿಯೋದು ಕಮ್ಮಿ, ದೀಪ ತಿನ್ನೋದು ಜಾಸ್ತಿ.

ಒಂದು ಹಬ್ಬದ ಸಂಜೆ, ಕಂಕುಳಲ್ಲಿ ಮಗು, ಕೈಯಲ್ಲಿ ಬಟ್ಟೆ ಗಂಟು, ಗಾಡಿ ಸ್ಟಾರ್ಟೇ ಆಗ್ಲಿಲ್ಲ. ನಮ್ಮನೆಯೋರು ಕಿಕ್ ಹೊಡೆದೂ ಹೊಡೆದೂ ಬೆವೆತ್ರು. ಪ್ಲಗ್ ಬಿಚ್ಚಿ ಒರೆಸಿದ್ರು, ಪಾಯಿಂಟ್ ಉಜ್ಜಿದ್ರು. (ಆ ಪಾಯಿಂಟಿನ ಸಂದು ಅರ್ಧ ಮಿಲಿಮೀಟರೂ ಇರಲ್ಲ! ಸಿಡಿಐ ಬಂದ್ಮೇಲೆ ಆ ಕಾಟ ತಪ್ಪಿತು.)

"ಕೆಂಪು ದೀಪ ಮಂಕಾಗಿದೆ ರೀ" ಅಂದೆ.

"ನಿಂಗೇನು ಗೊತ್ತು, ಸುಮ್ನಿರು."

ಶಿವಾಜಿನಗರದ ಮೆಕ್ಯಾನಿಕ್ಕು ಬಂದು ಮೊದಲು ನೋಡಿದ್ದೂ ಅದೇ ದೀಪಾನ. ಬ್ಯಾಟರಿ ನೀರು ಬತ್ತಿತ್ತು. ತಪ್ಪು ಗಾಡೀದಲ್ಲ, ತಿಂಗಳುಗಟ್ಲೆ ನೀರು ನೋಡದಿದ್ದೋರು ನಾವು.

ಮಾರನೇ ದಿನದಿಂದ ಡಿಸ್ಟಿಲ್ಡ್ ವಾಟರ್ ಬಾಟ್ಲಿ ನಮ್ಮ ಅಡುಗೆಮನೆ ಮೇಲಿನ ಹಲಗೆಗೆ ಬಂತು. ಯಾರೂ ಕುಡೀಬಾರ್ದು ಅಂತ ಅದಕ್ಕೊಂದು ಕೆಂಪು ದಾರ ಕಟ್ಟಿದ್ದೆ.