ಏಳು ಮೊಳದ ದಾರಿ

ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ)ರು ಯಸ್ರಿಬ್‌ಗೆ ವಲಸೆ ಬಂದಾಗ ಅಲ್ಲಿದ್ದುದು ಗೋತ್ರಗಳ ಪ್ರಕಾರ ಚದುರಿದ ವಸತಿಗಳು, ಅವುಗಳ ನಡುವೆ ಹಳೆಯ ವೈರಗಳು. ಆ ಚದುರಿದ ಜನವಸತಿಯನ್ನು ಒಂದು ನಗರವಾಗಿಸಿದ ಮೊದಲ ಕಟ್ಟಡ ಮಸೀದಿ. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡಗಳ ಕಂಬ, ಗರಿಗಳ ಮಾಡು. ಅದಕ್ಕೆ ತಾಗಿಕೊಂಡೇ ಪ್ರವಾದಿಪತ್ನಿಯರ ಕೋಣೆಗಳಿದ್ದವು. ಮನೆಯಿಲ್ಲದವರಿಗೆ ತಂಗಲು ಸುಫ್ಫಾ ಎಂಬ ನೆರಳಿನ ಜಗಲಿಯಿತ್ತು. ಸಮಾಜದ ನಾಯಕ ಮತ್ತು ಸಮಾಜದ ಅತ್ಯಂತ ಬಡವ ಒಂದೇ ಅಂಗಳದ ನೆರೆಯವರಾದರು. ಪ್ರವಾದಿ(ಸ)ರು ಮಾರುಕಟ್ಟೆಗೂ ಒಂದು ಬಯಲನ್ನು ಗೊತ್ತುಪಡಿಸಿ, ಅಲ್ಲಿ ಸುಂಕ ವಿಧಿಸಬಾರದೆಂದು ಆದೇಶಿಸಿದ ವರದಿಯಿದೆ.

ಕಟ್ಟಡಗಳಷ್ಟೇ ಗಮನಾರ್ಹವಾದುದು ದಾರಿಯ ಕುರಿತಾದ ಬೋಧನೆ. ರಸ್ತೆಯ ಅಗಲದ ಬಗ್ಗೆ ವಿವಾದ ಉಂಟಾದರೆ ಅದನ್ನು ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ)ರು ತೀರ್ಮಾನಿಸಿದರು. ಹೊರೆ ಹೊತ್ತ ಎರಡು ಒಂಟೆಗಳು ಎದುರುಬದುರಾಗಿ ಸಾಗಲು ಸಾಲುವಷ್ಟು ಅಗಲವದು ಎಂದು ವಿವರಿಸಲಾಗುತ್ತದೆ. ದಾರಿಬದಿಯಲ್ಲಿ ಕೂರುವವರು ದಾರಿಯ ಹಕ್ಕನ್ನು ಸಲ್ಲಿಸಬೇಕು: ದೃಷ್ಟಿ ತಗ್ಗಿಸಬೇಕು, ಯಾರಿಗೂ ಉಪದ್ರವ ಕೊಡಬಾರದು, ಸಲಾಮಿಗೆ ಉತ್ತರಿಸಬೇಕು. ನೆರೆಯವನು ತನ್ನ ತೊಲೆಯನ್ನು ನಮ್ಮ ಗೋಡೆಗೆ ಊರಿದರೆ ತಡೆಯಬಾರದು. ದಾರಿಯಿಂದ ಮುಳ್ಳನ್ನು ಸರಿಸುವುದು ಕೂಡ ಪುಣ್ಯಕಾರ್ಯ. ದಾರಿಗೂ ಹಕ್ಕಿದೆ ಎಂಬ ಈ ಪರಿಕಲ್ಪನೆಯೇ ಮುಂದಿನ ನಗರ ನಿರ್ಮಾಣಕ್ಕೆ ಬುನಾದಿಯಾಯಿತು.

ಹಿಜರಿ 17ರಲ್ಲಿ (ಕ್ರಿ.ಶ. 638), ಖಲೀಫಾ ಉಮರ್(ರ)ರ ಕಾಲದಲ್ಲಿ, ಸಅದ್ ಬಿನ್ ಅಬೀ ವಕ್ಕಾಸ್(ರ)ರು ಇರಾಕಿನಲ್ಲಿ ಕೂಫಾ ನಗರವನ್ನು ಸ್ಥಾಪಿಸಿದರು. ಇತಿಹಾಸಕಾರ ತಬರಿಯವರ ವಿವರಣೆಯಂತೆ, ಮಧ್ಯದಲ್ಲಿ ನಿಂತ ಬಿಲ್ಲುಗಾರನೊಬ್ಬ ದಿಕ್ಕುದಿಕ್ಕಿಗೆ ಬಾಣ ಬಿಟ್ಟನು. ಬಾಣ ಬಿದ್ದ ಎಲ್ಲೆಯಾಚೆಗೆ ಮಾತ್ರ ಮನೆ ಕಟ್ಟಲು ಅನುಮತಿ. ನಡುವಣ ಬಯಲು ಮಸೀದಿಗೂ ಜನರಿಗೂ ಮೀಸಲಾಯಿತು. ಹೆದ್ದಾರಿಗಳಿಗೆ 40 ಮೊಳ, ಅನಂತರದವುಗಳಿಗೆ 30 ಮತ್ತು 20, ಓಣಿಗಳಿಗೆ 7. ಅದಕ್ಕಿಂತ ಕಿರಿದಾದ ಓಣಿ ಇರಕೂಡದು. ಮೊದಲಿಗೆ ಕಟ್ಟಿದ ಜೊಂಡಿನ ಗುಡಿಸಲುಗಳು ಬೆಂಕಿಗೆ ಆಹುತಿಯಾದಾಗ ಇಟ್ಟಿಗೆ ಬಳಸಲು ಉಮರ್(ರ) ಒಪ್ಪಿದರು. ಆದರೆ ಷರತ್ತುಗಳಿದ್ದವು: ಒಬ್ಬರಿಗೆ ಮೂರು ಕೋಣೆಗಳಿಗಿಂತ ಹೆಚ್ಚು ಬೇಡ, ಎತ್ತರದಲ್ಲಿ ಪೈಪೋಟಿ ಬೇಡ. ಮಾರುಕಟ್ಟೆಗೂ ಮಸೀದಿಯ ನಿಯಮವೇ ಅನ್ವಯವಾಯಿತು. ಮೊದಲು ಬಂದು ಕುಳಿತವನು ಏಳುವ ತನಕ ಆ ಜಾಗ ಅವನದು.

ಅದೇ ಕೂಫಾದ ಇನ್ನೊಂದು ಘಟನೆ ಮನನಾರ್ಹ. ಮಾರುಕಟ್ಟೆಯ ಗದ್ದಲ ಕಿವಿಗೆ ಬೀಳುತ್ತಿದ್ದುದರಿಂದ ಸಅದ್(ರ)ರ ಭವನಕ್ಕೆ ಬಾಗಿಲು ಇಡಲಾಗಿತ್ತು. ಜನರು ಅದನ್ನು 'ಸಅದರ ಅರಮನೆ' ಎನ್ನತೊಡಗಿದರು. ಸುದ್ದಿ ತಿಳಿದ ಖಲೀಫರು ಮುಹಮ್ಮದ್ ಬಿನ್ ಮಸ್ಲಮಾ(ರ)ರನ್ನು ಕಳುಹಿಸಿ ಆ ಬಾಗಿಲನ್ನು ಸುಡಿಸಿದರು. ಮರದ ಒಂದು ಬಾಗಿಲು ಆಡಳಿತಗಾರನನ್ನೂ ದೂರುದಾರನನ್ನೂ ಎಷ್ಟು ದೂರ ಮಾಡಬಲ್ಲದೆಂಬುದನ್ನು ಉಮರ್(ರ) ಅರಿತಿದ್ದರು.

ಹಾಗೆಂದು ಎಲ್ಲವೂ ತೆರೆದಿರಬೇಕೆಂಬುದು ಇಸ್ಲಾಮಿನ ನಿಲುವಲ್ಲ. ಈಜಿಪ್ಟಿನ ಫುಸ್ತಾತ್‌ನಲ್ಲಿ ಒಬ್ಬರು ಮಹಡಿ ಕಟ್ಟಿದಾಗ, ಅಲ್ಲಿಂದ ನೆರೆಮನೆಯ ಒಳಭಾಗ ಕಾಣುವುದೇ ಎಂದು ವಿಚಾರಿಸುವಂತೆ ಉಮರ್(ರ)ರು ರಾಜ್ಯಪಾಲ ಅಮ್ರ್ ಬಿನ್ ಆಸ್(ರ)ರಿಗೆ ಬರೆದರೆಂಬ ವರದಿಯಿದೆ. ಅಧಿಕಾರಿಯ ಬಾಗಿಲು ತೆರೆದಿರಬೇಕು, ಕುಟುಂಬದ ಅಂಗಳ ಮರೆಯಲ್ಲಿರಬೇಕು. ಬೀದಿಗೆ ಸರಳವಾದ ಗೋಡೆಯನ್ನೂ ಒಳಗೆ ಬೆಳಕು ತುಂಬಿದ ಅಂಗಳವನ್ನೂ ಹೊಂದಿದ ಫೆಝ್, ಟ್ಯುನಿಸ್, ಡಮಾಸ್ಕಸ್‌ನ ಹಳೆಯ ಮನೆಗಳು ಈ ಸಮತೋಲನದ ಸಾಕ್ಷಿಗಳು. ಬಡವನು ಕರುಬುವಂತಹ ಆಡಂಬರ ಹೊರಗೋಡೆಯಲ್ಲಿರಲಿಲ್ಲ. ಕಿರಿದಾದ ಓಣಿ ದಾರಿಹೋಕನಿಗೆ ಬಿಸಿಲಿನಲ್ಲಿ ನೆರಳನ್ನೂ ನೀಡುತ್ತಿತ್ತು.

ಹಾನಿ ಮಾಡಬಾರದು, ಹಾನಿಗೆ ಹಾನಿಯನ್ನೂ ಮಾಡಬಾರದು ಎಂಬ ಪ್ರವಾದಿ ಸೂತ್ರದಿಂದ ಕರ್ಮಶಾಸ್ತ್ರ ವಿದ್ವಾಂಸರು ಕಟ್ಟಡಗಳ ಕಾನೂನನ್ನು ಬೆಳೆಸಿದರು. 14ನೆಯ ಶತಮಾನದಲ್ಲಿ ಟ್ಯುನಿಸ್‌ನ ಇಬ್ನುರ್ರಾಮಿ ಎಂಬ ಕಟ್ಟಡ ಮೇಸ್ತ್ರಿ ಈ ವಿಷಯದಲ್ಲಿ ಒಂದು ಗ್ರಂಥವನ್ನೇ ರಚಿಸಿದರು. ಒಲೆಯ ಹೊಗೆ, ಚರ್ಮ ಹದಮಾಡುವ ದುರ್ನಾತ, ಗಿರಣಿಯ ಅದುರುವಿಕೆ, ಎದುರುಮನೆಗೆ ಇಣುಕುವ ಕಿಟಕಿ ಎಲ್ಲವೂ ಅಲ್ಲಿ ಚರ್ಚೆಯ ವಸ್ತು. ತುದಿ ಮುಚ್ಚಿದ ಓಣಿಯನ್ನು ಅದರ ನಿವಾಸಿಗಳ ಜಂಟಿ ಸೊತ್ತೆಂದು ಪರಿಗಣಿಸಲಾಯಿತು. ಅಲ್ಲಿ ಹೊಸ ಬಾಗಿಲು ತೆರೆಯಲು ನೆರೆಯವರ ಸಮ್ಮತಿ ಬೇಕಿತ್ತು. ಅತಿಕ್ರಮಣಗಳು ಅಂದೂ ನಡೆಯುತ್ತಿದ್ದವು. ಆದ್ದರಿಂದಲೇ ಅಂಗಡಿಯ ಸರಕು ರಸ್ತೆಗೆ ಚಾಚದಂತೆ ನೋಡಿಕೊಳ್ಳುವುದು ಮುಹ್ತಸಿಬ್ ಎಂಬ ಅಧಿಕಾರಿಯ ಕರ್ತವ್ಯಗಳಲ್ಲೊಂದಾಗಿತ್ತು.

ವಕ್ಫ್ ಈ ಬೀದಿಗಳಿಗೆ ಕರುಣೆಯ ಮುಖ ಕೊಟ್ಟಿತು. ಕೈರೋದಲ್ಲಿ 1744ರಲ್ಲಿ ಅಬ್ದುರ್ರಹ್ಮಾನ್ ಕತ್‌ಖುದಾ ಕಟ್ಟಿಸಿದ ಸಬೀಲ್ ಇಂದಿಗೂ ಕವಲುದಾರಿಯ ನಡುವೆ ನಿಂತಿದೆ. ಕೆಳಗೆ ದಾರಿಹೋಕರಿಗೆ ಕುಡಿಯುವ ನೀರು, ಮೇಲೆ ಮಕ್ಕಳಿಗೆ ಕುರ್‌ಆನ್ ಪಾಠಶಾಲೆ. ನಮ್ಮ ಬಿಜಾಪುರದಲ್ಲಿಯೂ ಇದೇ ಕಾಳಜಿ ಕಾಣುತ್ತದೆ. ಆದಿಲ್‌ಶಾಹಿ ಕಾಲದ ತಾಜ್ ಬಾವಡಿ ಮತ್ತು ಬೇಗಂ ತಲಾಬ್, ಒಣನೆಲದ ನಗರಕ್ಕೆ ನೀರುಣಿಸಿದವು.

ಇಂದು ನಾವು ಕಟ್ಟುತ್ತಿರುವ ಮೊಹಲ್ಲಾಗಳನ್ನು ಈ ಚರಿತ್ರೆಯ ಮುಂದಿಟ್ಟು ನೋಡೋಣ. ಮನೆಯ ಮೆಟ್ಟಿಲನ್ನು ರಸ್ತೆಗೆ ಚಾಚುತ್ತೇವೆ, ನೆರೆಮನೆಯ ಗಾಳಿಬೆಳಕನ್ನು ತಡೆಯುವಂತೆ ಮಹಡಿ ಏರಿಸುತ್ತೇವೆ. ಜುಮಾ ನಮಾಝಿಗೆಂದು ಧಾವಿಸಿ, ಆಂಬುಲೆನ್ಸ್ ದಾಟಲಾಗದಂತೆ ವಾಹನ ನಿಲ್ಲಿಸುತ್ತೇವೆ. ಸಫ್ ನೇರಗೊಳಿಸುವ ಶಿಸ್ತು ಮಸೀದಿಯ ಹೊಸ್ತಿಲು ದಾಟಿದೊಡನೆ ಮರೆಯಾಗುವುದೇಕೆ? ಹಿರಿಯರು ಕುಳಿತು ಮಾತಾಡಲು ಕಟ್ಟೆಯಿಲ್ಲ, ಮಕ್ಕಳಿಗೆ ಆಡಲು ಬಯಲಿಲ್ಲ, ವೃದ್ಧರಿಗೂ ಅಂಗವಿಕಲರಿಗೂ ಮಸೀದಿಯ ಮೆಟ್ಟಿಲೇರಲು ಇಳಿಜಾರಿಲ್ಲ ಎಂದಾದರೆ, ಗುಮ್ಮಟದ ಅಲಂಕಾರಕ್ಕೆ ಸುರಿದ ಹಣದ ಬಗ್ಗೆ ಮರುಚಿಂತನೆ ಅಗತ್ಯ.

ಇದಕ್ಕೆ ಹೊಸ ನಗರ ಬೇಕಾಗಿಲ್ಲ. ಮನೆ ಕಟ್ಟುವ ಮುನ್ನ ನಕ್ಷೆಯನ್ನು ಪಕ್ಕದ ಮನೆಯವರಿಗೆ ತೋರಿಸಬಹುದು, ಅವರು ಯಾವ ಧರ್ಮದವರೇ ಆಗಿರಲಿ. ಗೇಟಿನ ಹೊರಗೆ ಒಂದು ನೀರಿನ ನಲ್ಲಿ, ಒಂದು ಕಲ್ಲುಬೆಂಚು, ಒಂದು ನೆರಳಿನ ಮರವಿಡಬಹುದು. ನೆರೆಯವನ ಹಕ್ಕಿನ ಕುರಿತು ಮಿಂಬರಿನಿಂದ ಕೇಳುವ ಉಪದೇಶ ನಮ್ಮ ಮನೆಯ ಅಡಿಪಾಯದಲ್ಲಿ ಕಾಣಿಸಿಕೊಳ್ಳಬೇಕು. ಏಳು ಮೊಳದ ದಾರಿಯನ್ನು ಬಿಟ್ಟುಕೊಡುವವನು ಭೂಮಿಯ ಒಂದು ತುಣುಕನ್ನು ಕಳೆದುಕೊಂಡಾನು. ಆದರೆ ಆ ದಾರಿಯಲ್ಲಿ ಸುಗಮವಾಗಿ ಸಾಗುವ ಪ್ರತಿಯೊಬ್ಬರ ನೆಮ್ಮದಿಯಲ್ಲಿ ಅವನಿಗೂ ಪಾಲಿರುವುದು.